ನಾಲ್ಕು ಲೀಟರು

ಆಯುಧಪೂಜೆಗೆ ಮೊದಲಿನ ಭಾನುವಾರ
ನನ್ನ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಎಣ್ಣೆ ಬದಲಿಸುವ ದಿನ.
ಅರವತ್ತೆಂಟನೇ ಇಸವಿಯದು, ಮೊಸರಿನ ಬಣ್ಣ.
ಬಾನೆಟ್ಟು ಎತ್ತಿದರೆ ಮೂತಿಯೆಲ್ಲ ಮುಂದಕ್ಕೆ ತೆರೆದು
ಹಲ್ಲಿನ ಡಾಕ್ಟರ ಮುಂದೆ ಕೂತಂತೆ ಕೂರುತ್ತದೆ.

ಮೊದಲು ಎಂಜಿನ್ನು ಹತ್ತು ನಿಮಿಷ ಬಿಸಿಯಾಗಬೇಕು.
ಬೆಚ್ಚಗಿದ್ದರೇ ಕೊಳೆ ಇಳಿಯುವುದು,
ಎಣ್ಣೆ ಹಚ್ಚಿ ಮೀಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.
ಗೋಣಿ ಹಾಸಿ, ಕೆಳಗೆ ನುಸುಳಿ,
ಸ್ಪಾನರು ಹಾಕಿ ಬಿರಡೆ ಸಡಿಲಿಸಿದರೆ
ಮಣಿಕಟ್ಟಿನಿಂದ ಮೊಣಕೈಗೆ
ಕಾಕಂಬಿಯ ಹಾಗೆ ಇಳಿಯುತ್ತದೆ ಒಂದು ವರ್ಷ.

ಒಂದು ವರ್ಷ ಅಂದರೆ ಎಷ್ಟು?
ಮೀಟರು ನೋಡಿದೆ: ನೂರ ಎಂಬತ್ತು ಕಿಲೋಮೀಟರು.
ಪೂಜೆಯ ದಿನ ನಿಂಬೆಹಣ್ಣಿನ ಮೇಲೊಂದು ಸುತ್ತು,
ಹಳೆ ಕಾರಿನವರ ಮೆರವಣಿಗೆಯಲ್ಲಿ ಗಾಜನೂರಿನ ತನಕ,
ಮತ್ತೆ ಬ್ಯಾಟರಿ ಸಾಯದಿರಲೆಂದು ಗುರುಪುರದ ಗಲ್ಲಿಗಳಲ್ಲಿ
ಮಗುವನ್ನು ಮಲಗಿಸುವವರ ಹಾಗೆ ಸುಮ್ಮನೆ ತಿರುಗುವುದು.

"ಓಡದಿದ್ರೂ ಎಣ್ಣೆ ಕೆಡ್ತದೆ ಸಾರ್, ಕೂತ ಮನುಷ್ಯನ ರಕ್ತ ಇದ್ದಂಗೆ"
ಎನ್ನುತ್ತಾನೆ ಆಟೋ ಕಾಂಪ್ಲೆಕ್ಸಿನ ದಾದಾಪೀರ್.
ಸೋರುವುದಕ್ಕೂ ಅವನ ಹತ್ತಿರ ಸಮಾಧಾನವಿದೆ:
"ಸೋರ್ತಾ ಇದ್ರೆ ಒಳಗೆ ಇದೆ ಅಂತ. ನಿಂತ ದಿನ ಫೋನ್ ಮಾಡಿ."

ಆ ನಾಲ್ಕು ಲೀಟರು ಎಲ್ಲಿಗೆ ಹೋಗುತ್ತಿತ್ತು?
ಸ್ವಲ್ಪ ಬೇಲಿಗೂಟದ ಬುಡಕ್ಕೆ, ಗೆದ್ದಲಿಗೆ.
ಸ್ವಲ್ಪ ಗೇಟಿನ ತಿರುಗಣಿಗೆ.
ಉಳಿದದ್ದು ಹಿತ್ತಲ ಮೂಲೆಯ ಗುಂಡಿಗೆ.
ಮಣ್ಣು ಕುಡಿದುಕೊಳ್ಳುತ್ತದೆ ಅಂದುಕೊಂಡಿದ್ದೆ,
ಕುಡಿದವರು ಸುಮ್ಮನಿರುತ್ತಾರೆ ಎಂದೂ.
ಇಪ್ಪತ್ತೊಂಬತ್ತು ವರ್ಷ. ನಾಲ್ಕರಿಂದ ಗುಣಿಸಿ.
ನಾನು ಗುಣಿಸಿರಲಿಲ್ಲ.

ಇದನ್ನು ಬರೆಯುತ್ತಿರುವವನು ಯಾರು, ಅದನ್ನೂ ಹೇಳಿಬಿಡುತ್ತೇನೆ.
ನೀರು ಸರಬರಾಜಿನ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ
ತುಂಗೆಯನ್ನು ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ಹಿಡಿದು
ಬೆಳಕಿಗೆ ಎತ್ತಿ ನೋಡಿದವನು.
ರಾಡಿ ಎಷ್ಟು, ಹುಳಿ ಎಷ್ಟು, ಕ್ಲೋರಿನ್ ಎಷ್ಟು,
ಬರೆದು, ಸಹಿ ಹಾಕಿ, ಸೀಲು ಒತ್ತಿ.
ಎಣ್ಣೆ ಎಂಬ ಕಾಲಮ್ಮು ನಮ್ಮ ಫಾರಮ್ಮಿನಲ್ಲಿ ಇರಲಿಲ್ಲ.

ಹೋದ ಜೂನಿನಲ್ಲಿ ಪಕ್ಕದ ಮನೆಯ ಸೆವ್ರಿನ್ ಬಾಯಿ
ಪ್ಲಾಸ್ಟಿಕ್ ಬಾಟಲಿಯಲ್ಲಿ ಬಾವಿಯ ನೀರು ತಂದರು.
"ನೀವು ನೀರಿನ ಆಫೀಸಿನವರು, ಸ್ವಲ್ಪ ನೋಡಿ.
ನಲ್ಲಿ ಬಾರದ ದಿನ ಇದನ್ನೇ ಕುದಿಸಿಕೊಳ್ಳೋದು.
ಮೇಲೆ ಬಣ್ಣಬಣ್ಣ ಕಾಣ್ತದೆ, ನನ್ನ ಕಣ್ಣಿನ ಪೊರೆಯೋ ಏನೋ."

ಬಾಟಲಿ ಓರೆ ಮಾಡಿದೆ.
ನವಿಲಿನ ಕತ್ತು ಒಂದು ಕ್ಷಣ ಹೊರಳಿ ಮಲಗಿತು.
ಮುಚ್ಚಳ ತೆಗೆದು ಮೂಸಿದೆ.
ಬೇಕಿರಲಿಲ್ಲ.
ನಮ್ಮನೆ ಸಾರಿನ ವಾಸನೆ ನನಗೆ ತಿಳಿಯದೆ?

ಏನು ಹೇಳಿದೆನೆಂದರೆ,
"ಮಳೆಗಾಲದ ಮೊದಲ ನೀರು, ಹಾಗೇ ಇರ್ತದೆ.
ಬ್ಲೀಚಿಂಗ್ ಪುಡಿ ಹಾಕಿ."
ಎಷ್ಟು ಚಮಚ ಅಂತಲೂ ಹೇಳಿದೆ.
ಅವರು ತಲೆಯಾಡಿಸಿ, ಹೋಗುವಾಗ
ಕಾರಿನ ಮೇಲೆ ಕೈಯಾಡಿಸಿ
"ಚೆನ್ನಾಗಿ ಇಟ್ಕೊಂಡಿದೀರಿ" ಅಂದರು.

ಈ ಸಲ ಚೆಲ್ಲಲಿಲ್ಲ.
ಬಂದ ಡಬ್ಬಕ್ಕೇ ಮತ್ತೆ ತುಂಬಿ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು
ದಾದಾಪೀರನ ಡ್ರಮ್ಮಿಗೆ ಸುರಿದು ಬಂದೆ.
ಇದು ಮುಂದೆ ಎಲ್ಲಿಗೆ ಎಂದು ಕೇಳಿದ್ದಕ್ಕೆ
"ಸೆಂಟ್ರಿಂಗಿನವರು ಒಯ್ತಾರೆ ಸಾರ್, ಹಲಗೆಗೆ ಬಳಿಯೋಕೆ.
ಮಿಕ್ಕಿದ್ದು ಏನು ಮಾಡ್ತಾರೋ, ನಾ ಕೇಳಲ್ಲ."
ನಾನೂ ಕೇಳಲಿಲ್ಲ.

ಗುಂಡಿಗೆ ಗುದ್ದಲಿ ಹಾಕಿದೆ. ಎರಡು ಅಡಿಗೂ ಮಣ್ಣು ಕಪ್ಪೇ,
ಎರೆಹುಳು ಒಂದೂ ಇಲ್ಲ.
ಮೂರನೆಯ ಅಡಿಗೆ ಸೊಂಟ ಒಪ್ಪಲಿಲ್ಲ ಅಂತ ನಿಲ್ಲಿಸಿದೆ.
ಸೊಂಟ ಒಪ್ಪಿತ್ತು.

ಕಾರಿನಡಿ ರಟ್ಟು ಹಾಸಿದ್ದೇನೆ. ರಾತ್ರಿಗೆ ಏಳೆಂಟು ಹನಿ.

ಕ್ರಿಸ್ಮಸ್ಸಿಗೆ ಸೆವ್ರಿನ್ ಬಾಯಿ ಎಂದಿನಂತೆ
ತಟ್ಟೆಗೆ ಬಟ್ಟೆ ಮುಚ್ಚಿ ನೆವ್ರಿ ಕಳಿಸಿದರು.
ಆ ವಾರ ನಲ್ಲಿ ಬಂದಿರಲಿಲ್ಲ.
ಹಿಟ್ಟು ಯಾವ ನೀರಿನಲ್ಲಿ ಕಲಸಿದ್ದು ಎಂದು
ಕೇಳದೆ
ಒಂದೊಂದಾಗಿ ಎಲ್ಲವನ್ನೂ ತಿಂದೆ.